ಆಮೆನ್ ಅಂದವರು ಯಾರು

ಕುಣಿಗಲ್‌ನಲ್ಲಿ ದೊಡ್ಡಮ್ಮನ ಮಗಳ ಹೊಸ ಮನೆಯ ಪ್ರಾರ್ಥನೆ. ಅಲ್ಲಿ ನಡೆದದ್ದರಲ್ಲಿ ಇಷ್ಟಕ್ಕೆ ಮಾತ್ರ ಯಾರ ತಕರಾರೂ ಇಲ್ಲ: ದೊಡ್ಡಮ್ಮ ಕುದಿಸುತ್ತಿದ್ದ ಮಟನ್ ಸಾರಿಗೆ ನಮ್ಮಮ್ಮ ಕೇಳದೆ ಉಪ್ಪು ಹಾಕಿದಳು. ದೊಡ್ಡಮ್ಮ ಅದನ್ನು ನೋಡಿದರು.

ನಮ್ಮ ಮನೆ ಪ್ರಾರ್ಥನೆಗಳಲ್ಲಿ ಪುಸ್ತಕವಿಲ್ಲ. ಒಬ್ಬೊಬ್ಬರೂ ಮನಸ್ಸಿಗೆ ಬಂದದ್ದನ್ನು ದೇವರಿಗೆ ಗಟ್ಟಿಯಾಗಿ ಹೇಳುತ್ತಾರೆ. ಮಿಕ್ಕವರು ಕಣ್ಣು ಮುಚ್ಚಿರಬೇಕು, ನಡುವೆ ಬಾಯಿ ಹಾಕುವಂತಿಲ್ಲ. ದೊಡ್ಡಮ್ಮ ಮನೆಗೆ, ಬೋರ್‌ವೆಲ್‌ಗೆ, ಅಳಿಯನ ಬೆನ್ನುನೋವಿಗೆ ಪ್ರಾರ್ಥಿಸಿ, ಅದೇ ದನಿಯಲ್ಲಿ ಮುಂದುವರಿಸಿದರು: “ಕರ್ತನೇ, ಇನ್ನೊಬ್ಬರ ಪಾತ್ರೆಗೆ ಕೇಳದೆ ಉಪ್ಪು ಹಾಕುವ ನನ್ನ ತಂಗಿಯ ಅಹಂಕಾರವನ್ನು ಕ್ಷಮಿಸು.”

ನಾನೂ ಅಮ್ಮನೂ ಕೂತಿದ್ದ ಮೂಲೆಯಿಂದ ಒಂದೇ ಒಂದು ಆಮೆನ್ ಬಂತು.

ಅಂದವಳು ಅಮ್ಮನೇ, ಅಂದ ಮೇಲೆ ತಪ್ಪು ಒಪ್ಪಿಕೊಂಡ ಹಾಗೆ, ಕ್ಷಮೆಯೂ ಆಯಿತು ಅನ್ನುವುದು ದೊಡ್ಡಮ್ಮನ ವಾದ. ತಾನು ತುಟಿ ಬಿಚ್ಚಲೇ ಇಲ್ಲ, ಸಭೆಯಲ್ಲಿ ಮಾನ ಕಳೆದ ಅಕ್ಕನನ್ನೇ ಕ್ಷಮಿಸಬೇಕಾದವಳು ತಾನು ಅನ್ನುವುದು ಅಮ್ಮನದು. ಅಕ್ಕತಂಗಿಯರ ನಡುವೆ ಮಾತು ನಿಂತಿತು.

ಅಷ್ಟರಲ್ಲಿ ತುಮಕೂರಿನ ನಮ್ಮ ಚರ್ಚಿನ ಅಯ್ಯನವರು, ಒಡಹುಟ್ಟಿದವರ ಮೇಲೆ ಮುನಿಸಿಟ್ಟುಕೊಂಡು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಕರ್ತನ ಮೇಜಿಗೆ ಬರಬೇಡಿ ಎಂದುಬಿಟ್ಟರು. ಅವರು ಎಲ್ಲರಿಗೂ ಹೇಳಿದ್ದು. ಅಮ್ಮ ತನಗೇ ಅಂದುಕೊಂಡಳು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿ ಬಂದ ಮೇಲೆ ನಾನು ಚರ್ಚಿಗೆ ಹೋಗುವುದು ಅವಳನ್ನು ಬಿಡುವುದಕ್ಕೆ ಮಾತ್ರ. ಹೊರಗೆ ಬೇವಿನ ಮರದ ಕೆಳಗೆ, ಹೊಂಗೆಯೂ ಇರಬಹುದು, ಸ್ಕೂಟರ್ ನಿಲ್ಲಿಸಿಕೊಂಡು ಅತ್ತಿತ್ತ ಓಡಾಡುತ್ತಿರುತ್ತೇನೆ. ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದು ಹೋದಾಗ ಅಮ್ಮ ಖಾಲಿ ಬೆಂಚಿನಲ್ಲಿ ಒಬ್ಬಳೇ ಬ್ಯಾಗಿನ ಜಿಪ್ ಎಳೆಯುತ್ತಾ ಕೂತಿರುವುದು ಬಾಗಿಲಿನಿಂದ ಕಾಣುತ್ತಿತ್ತು.

“ಈಸ್ಟರ್‌ಗೂ ಹಿಂಗೇ ಕೂತಿರ್ಬೇಕೇನೋ,” ಎಂದಳು ಒಮ್ಮೆ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

ಗುಬ್ಬಿಯ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅಮ್ಮ ಹೇಳಬೇಕಾದ್ದನ್ನೆಲ್ಲ ರಿಹರ್ಸಲ್ ಮಾಡಿದಳು. ದೊಡ್ಡಮ್ಮ ಕಾಫಿ ಕೊಟ್ಟರು.

“ಅಕ್ಕ, ನಾನು ನಿನ್ನ ಕ್ಷಮಿಸಿದೀನಿ.”

“ನೀನು ನನ್ನ ಕ್ಷಮಿಸೋದೇನೇ? ನಾನು ನಿನ್ನ ಆವತ್ತೇ ಕ್ಷಮಿಸಾಯ್ತು.”

ಇಬ್ಬರ ಹತ್ತಿರವೂ ಕ್ಷಮೆ ಧಾರಾಳವಾಗಿತ್ತು, ತೆಗೆದುಕೊಳ್ಳುವವರಿರಲಿಲ್ಲ. ಕೊನೆಗೆ ಇಬ್ಬರೂ ನನ್ನನ್ನು ಸಾಕ್ಷಿಗೆ ಎಳೆದರು. ನಾನು ಎದ್ದು ಕಿಟಕಿವರೆಗೂ ಹೋಗಿ ಬಂದು, ನೆನಪು ಟೇಪ್ ರೆಕಾರ್ಡರ್ ಅಲ್ಲ, ನೆನೆಸಿಕೊಂಡಾಗಲೆಲ್ಲ ಅದು ಬದಲಾಗುತ್ತದೆ ಎಂದು ವಿವರಿಸಿದೆ.

“ಅದೆಲ್ಲ ಬುಡು,” ಅಂದರು ದೊಡ್ಡಮ್ಮ. “ಕಿವಿಗೆ ಏನ್ ಬಿತ್ತು, ಅದ್ ಹೇಳ್ಲಾ.”

ಅಮ್ಮನ ದನಿ ಸಣ್ಣದು. ನೆನೆಸಿಕೊಂಡಷ್ಟೂ ಆ ಆಮೆನ್ ದಪ್ಪವಾಗುತ್ತಾ, ತೀರಾ ಹತ್ತಿರವಾಗುತ್ತಾ ಬಂತು. ಚಿಕ್ಕಂದಿನ ಸಂಡೇ ಸ್ಕೂಲ್ ಗಂಟಲಲ್ಲಿ ಎಲ್ಲೋ ಉಳಿದಿತ್ತೇನೋ.

“ನಾನೇ ಅಂದಿರಬಹುದು,” ಎಂದೆ.

ದೊಡ್ಡಮ್ಮ ಲೋಟ ಕೆಳಗಿಟ್ಟರು. “ದೇವ್ರಿಲ್ಲ ಅಂತಿದ್ದೋನು, ನೀನು?”

ಅಮ್ಮ ಅಕ್ಕನ ಕೈ ಹಿಡಿದುಕೊಂಡಳು. ದಾರಿ ತಪ್ಪಿದವನು ಮನೆಗೆ ಬಂದನೆಂದು ಇಬ್ಬರೂ ಕಣ್ಣೊರೆಸಿಕೊಂಡರು. ನನ್ನ ‘ಬಹುದು’ ಯಾರ ಕಿವಿಗೂ ಬೀಳಲಿಲ್ಲ.

“ಸುಮ್ನೆ ನಿನ್ ಮೇಲೆ ಹೊರಿಸ್ಬಿಟ್ಟೆ ಕಣೇ,” ಎಂದರು ದೊಡ್ಡಮ್ಮ.

“ನಾನೂ ಕೇಳಿ ಹಾಕ್ಬೇಕಿತ್ತು,” ಎಂದಳು ಅಮ್ಮ.

ಈಸ್ಟರ್ ದಿನ ಅಮ್ಮ ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು ಎಲ್ಲರಿಗಿಂತ ಮುಂದೆ ಹೋಗಿ ಮೊಣಕಾಲೂರಿದಳು. ಮಧ್ಯಾಹ್ನ ಗುಬ್ಬಿಯಲ್ಲಿ ಊಟ. ಮಟನ್ ಸಾರಿಗೆ ಉಪ್ಪು ಕಮ್ಮಿಯಿತ್ತು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಮ್ಮ ಉಪ್ಪಿನ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಸೌಟು ಎಳೆದುಕೊಂಡು ಇನ್ನೊಂದಿಷ್ಟು ಬಡಿಸಿಕೊಂಡಳು.