ಬಾವಿಯಲ್ಲಿ ಸಿಕ್ಕ ರಾಜ

ಅರವತ್ತರ ದಶಕದ ಕೊನೆಯಲ್ಲಿ ದೇವನಹಳ್ಳಿ ಕಡೆಯ ನಮ್ಮ ಹೊಲದಲ್ಲಿ ನಾನೇ ಬಾವಿ ತೋಡಿದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನು ನಾನು; ಆದರೆ ನನ್ನ ಗುದ್ದಲಿ ಕೆಲಸಕ್ಕೆ ಹೆಸರಿಡುವವರು ಸುತ್ತಮುತ್ತ ಯಾರೂ ಇರಲಿಲ್ಲ. ಆಳೆತ್ತರ ಇಳಿದಾಗ ಗುದ್ದಲಿಗೆ ಕುಡಿಕೆಯೊಂದು ತಗುಲಿ ಒಡೆಯಿತು. ಒಳಗೆ ಹಿಡಿಯಷ್ಟು ಬೆಳ್ಳಿ ಕಾಸು.

ಒಂದು ಕಡೆ ಉದ್ದ ಮೂಗಿನ ಗಂಡಸಿನ ತಲೆ. ಇನ್ನೊಂದು ಕಡೆ ಕುರ್ಚಿಯಲ್ಲಿ ಕೂತು ರೆಂಬೆ ಹಿಡಿದ ಹೆಂಗಸು. ಅವ್ವನಿಗೆ ಅನುಮಾನವೇ ಬರಲಿಲ್ಲ.

"ಲಕ್ಷ್ಮಿ ಕಣಪ್ಪಾ! ಆ ಗಂಡಸಿನ ಮಖ ಗೋಡೆ ಕಡೀಕೆ ತಿರುಗ್ಸು."

ಚೆನ್ನಾಗಿದ್ದ ಒಂದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ದೇವರ ಗೂಡಿನಲ್ಲಿಟ್ಟಳು. ಶುಕ್ರವಾರ ಬಂದರೆ ಕುಂಕುಮ, ಹೂವು. ಬಾವಿಯಲ್ಲಿ ನೀರೂ ಬಂತು. ನಾನು ತೋಡಿದ್ದಕ್ಕೆ ಬಂತು ಅಂದರೆ ಅವಳು ಒಪ್ಪಬೇಕಲ್ಲ!

ಸುದ್ದಿ ತಾಲ್ಲೂಕು ಕಚೇರಿ ಮುಟ್ಟಿತು. ನೆಲದಲ್ಲಿ ಸಿಕ್ಕಿದ್ದು ಸರ್ಕಾರಕ್ಕೆ ಸೇರಬೇಕಂತೆ. ಕಾಸು ಒಯ್ಯಲು ಹಳೇ ನಾಣ್ಯ ಬಲ್ಲ ಮೇಷ್ಟ್ರೊಬ್ಬರು ಬೆಂಗಳೂರಿನಿಂದ ಬಂದರು. ಉಳಿದದ್ದನ್ನೆಲ್ಲ ಕೊಟ್ಟೆ. ಅವ್ವ ಮಾತ್ರ ಗೂಡಿಗೆ ಅಡ್ಡ ನಿಂತಳು.

"ಮನೆ ಲಕ್ಷ್ಮಿನ ಯಾರಾದ್ರೂ ಕಚೇರಿಗೆ ಕಳಿಸ್ತಾರಾ? ನಿಮ್ಮನೇಲಿ ಕಳಿಸ್ತೀರಾ ಸ್ವಾಮಿ?"

ಮೇಷ್ಟ್ರು ಬಲವಂತ ಮಾಡಲಿಲ್ಲ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಒಂದು ಕಾಸನ್ನು ನನ್ನ ಅಂಗೈಗಿಟ್ಟರು. ಆ ತಲೆ ಸಮುದ್ರದಾಚೆಯ ರೋಮಿನ ರಾಜನದಂತೆ. ಅವನನ್ನು ಕಣ್ಣಾರೆ ಕಾಣದ ಸಿಪಾಯಿಯೂ ರೊಟ್ಟಿ ಕೊಳ್ಳುವಾಗ ಅವನ ಮುಖ ನೋಡಲೇಬೇಕಿತ್ತಂತೆ. ನಮ್ಮ ಕಡೆಯ ಮೆಣಸಿಗೂ ಬಟ್ಟೆಗೂ ಬದಲಾಗಿ ಆ ಬೆಳ್ಳಿ ಹಡಗು ಹತ್ತಿ ಬಂತಂತೆ. ರಾಜನ ಕೆನ್ನೆಯ ಮೇಲೆ ಆಳವಾದ ಗೀರಿತ್ತು.

"ಅದು ನನ್ನ ಗುದ್ದಲಿ ಏಟಲ್ಲ ಸ್ವಾಮಿ," ಎಂದೆ.

"ಅಲ್ಲಪ್ಪಾ, ಒಳಗೂ ಬೆಳ್ಳಿನೇನಾ ಅಂತ ನಮ್ಮೋರೇ ಉಳಿ ಹಾಕಿ ನೋಡಿರ್ಬೇಕು."

ನನಗೆ ನಗು ತಡೆಯಲಿಲ್ಲ. ಅಷ್ಟು ದೊಡ್ಡ ರಾಜ, ನಮ್ಮ ಸಂತೆಗೆ ಬಂದ ಮೇಲೆ ಬದನೆಕಾಯಿ ಹಾಗೆ ಕೊಯ್ಸಿಕೊಂಡು, ಹುಳ ಇಲ್ಲ ಅಂತ ತೋರಿಸಬೇಕಾಯಿತು!

ಅವ್ವ ಒಳಗಿಂದಲೇ ಕೇಳಿದಳು: "ಆವಯ್ಯ ರಾಜ, ಸರಿ. ಕುರ್ಚಿ ಮ್ಯಾಲೆ ಕುಂತಿರೋಳು?"

"ಶಾಂತಿದೇವತೆ ಅಂತಾರಮ್ಮಾ. ಆ ರಾಜನ ತಾಯಿನೇ ಅಂತ ಹೇಳೋರೂ ಇದಾರೆ."

ಅವ್ವ ಹೊಸ್ತಿಲಿಗೆ ಬಂದು, "ಹಡೆದೋಳ್ನ ಬೆನ್ನಿಗೆ ಕುಂಡ್ರಿಸ್ಕೊಂಡು ದೇಸ ತಿರುಗವ್ನೆ. ನೋಡಿ ಕಲ್ತ್ಕೋ," ಎಂದು ನನ್ನನ್ನು ಕುಟುಕಿದಳು.

ಗೂಡಿನಿಂದ ಕಾಸು ತೆಗೆದು, ಎಲೆ ಅಡಿಕೆ, ಅರಿಶಿನ ಕುಂಕುಮದ ಜೊತೆ ಮೇಷ್ಟ್ರ ಕೈಗಿಟ್ಟಳು.

"ಇನ್ನೊಬ್ಬನ ತಾಯಿನ ನಾನ್ಯಾಕೆ ಹಿಡಿದಿಟ್ಕಳ್ಳಿ? ಬರಿಗೈಲಿ ಕಳಿಸ್ಬಾರ್ದು, ಅಷ್ಟೇಯ. ಹುಷಾರಾಗಿ ಕರ್ಕೊಂಡೋಗಪ್ಪಾ, ಬಿಸಿಲೈತೆ."

ಮೇಷ್ಟ್ರು ಆ ತಾಂಬೂಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನವರೆಗೆ ನಡೆದರು.