ಅರಿಶಿನ ಹಚ್ಚಿಟ್ಟ ರಿಪೋರ್ಟು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಮೊದಲು ಹೇಳದೆ ಮುಂದಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಮಗಳು ಹೆರಿಗೆಗೆಂದು ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಡಾಕ್ಟರಿಗೆ ತೋರಿಸಲು ಹೋದ ದಿನ ಹಠ ಹಿಡಿದು ನನಗೂ ಸ್ತನದ ಎಕ್ಸ್‌ರೇ ಮಾಡಿಸಿದಳು. ನನ್ನ ಅಕ್ಕ ಕ್ಯಾನ್ಸರಿನಲ್ಲಿ ಹೋದವಳು. ನಮ್ಮ ಮನೆಯಲ್ಲಿ ಆ ಹೆಸರು ಎತ್ತುವುದಿಲ್ಲ, 'ಅದು' ಅನ್ನುತ್ತೇವೆ. ರಿಪೋರ್ಟು ಬಂದಾಗ ಅಳಿಯ ಮೊದಲ ಪುಟ ನೋಡಿ, "ಅದು ಇಲ್ಲ ಅತ್ತೆ" ಎಂದರು. ನನಗೆ ಅಷ್ಟು ಸಾಕಾಯಿತು. ಮದುವೆ ಕಾಗದಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟುಬಿಟ್ಟೆ. ಹಾಗಿಟ್ಟದ್ದನ್ನು ಮತ್ತೆ ಯಾರು ಬಿಚ್ಚಿ ಓದುತ್ತಾರೆ?

ಮಗುವಿಗೆ ದಿನಾ ನೀರು ಹಾಕುವವಳು ನಾನೇ. ಬಿಸಿನೀರಿನ ಬಕೆಟ್ಟು ಎತ್ತಿದಾಗಲೆಲ್ಲ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆ. ಮಗುವಿಗೆ ಹದಿನೈದು ದಿನವಾದಾಗ ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿದರು.

"ಅಮ್ಮ, ಹೃದಯದ ಡಾಕ್ಟ್ರಿಗೆ ತೋರಿಸ್ಕೊಂಡ್ರಾ? ಎರಡನೇ ಪುಟದಲ್ಲಿ ಬರೆದಿತ್ತಲ್ಲ."

"ಅದು ಇಲ್ಲ ಅಂದ್ರಲ್ಲಮ್ಮ!"

"ಕ್ಯಾನ್ಸರ್ ಇಲ್ಲ. ಆದ್ರೆ ಆ ಎಕ್ಸ್‌ರೇಲೇ ರಕ್ತನಾಳದ ಗೋಡೇಲಿ ಸುಣ್ಣದ ಗೆರೆ ಕಾಣ್ತಿದೆ. ನೀರು ಕಾಯ್ಸೋ ಹಂಡೆ ಒಳಗೆ ಬೆಳ್ಳಗೆ ಕಟ್ಕೊಳುತ್ತಲ್ಲ, ಹಂಗೆ. ಸ್ತನದ ನಾಳದಲ್ಲಿದ್ರೆ ಹೃದಯದ ನಾಳದಲ್ಲೂ ಇರಬಹುದು. ಇದ್ದೇ ಇದೆ ಅಂತಲ್ಲ, ತೋರಿಸ್ಕೊಳ್ಳಿ."

"ನಾನು ಎಲೆ ಅಡಿಕೆ ಬಿಟ್ಟು ಎಷ್ಟೋ ವರ್ಷ ಆಯ್ತು ಕಣಮ್ಮ."

ಸಿಸ್ಟರ್ ನಕ್ಕರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಬಿ.ಪಿ. ಇದೆಯಾ? ಏದುಸಿರು ಬರುತ್ತಾ?"

"ಮಗು ಅಳ್ತಿದೆ ಕಣಮ್ಮ" ಎಂದು ಫೋನು ಇಟ್ಟುಬಿಟ್ಟೆ.

ಬಾಣಂತಿಯ ಕಿವಿಗೆ ಕೆಟ್ಟ ಸುದ್ದಿ ಬಿದ್ದರೆ ಹಾಲು ಬತ್ತುತ್ತದೆ ಎಂದು ಎರಡು ದಿನ ಸುಮ್ಮನಿದ್ದೆ. ನಿಜ ಹೇಳುತ್ತೇನೆ, ಹಾಲಿನ ಭಯ ಅರ್ಧ. ಗೊತ್ತಾದರೆ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲವೇನೋ ಎಂಬ ಭಯ ಇನ್ನರ್ಧ.

ಮೂರನೇ ದಿನ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಾಗ ಉಸಿರು ಕಟ್ಟಿದಂತಾಯಿತು. ಚೊಂಬು ಜಾರಿ ಬಿತ್ತು. ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಂಥ ಕೈ ನಂಬಿ ಮಗುವನ್ನು ಕೊಟ್ಟಿದ್ದಾರೆ, ನಾನು ಬಚ್ಚಿಡುತ್ತಿದ್ದೇನಲ್ಲ ಅನ್ನಿಸಿತು. ಮಗಳನ್ನು ಕೂಗಿ ಎಲ್ಲ ಹೇಳಿಬಿಟ್ಟೆ.

"ಹಾಲು ಬತ್ತುತ್ತಂತೆ ಹಾಲು! ನೀನು ಬಿದ್ದೋದ್ರೆ ಇವಳಿಗೆ ನೀರು ಹಾಕೋರು ಯಾರಮ್ಮ? ಏಳು, ಸೀರೆ ಉಟ್ಕೋ," ಎಂದು ಬೈದು, ಆಮೇಲೆ ಅತ್ತಳು. ಅವತ್ತೇ ಅಳಿಯ ಕರೆದುಕೊಂಡು ಹೋದರು.

ಬಿ.ಪಿ. ಏರಿತ್ತು. ಹೃದಯದ ಒಂದು ನಾಳ ಸ್ವಲ್ಪ ಕಿರಿದಾಗಿತ್ತಂತೆ. ಡಾಕ್ಟರು ಮಾತ್ರೆ ಬರೆದು, "ಹೆಚ್ಚಾಗೋ ಮುಂಚೆ ಬಂದ್ರಿ, ಒಳ್ಳೇದಾಯ್ತು" ಎಂದರು. ನಾನು ಕೇಳಿದ್ದು ಒಂದೇ, ಮಗುವಿಗೆ ನೀರು ಹಾಕಬಹುದಾ ಎಂದು. "ಕೂತು ಹಾಕಿ. ಬಕೆಟ್ ಮಾತ್ರ ಮುಟ್ಟಬೇಡಿ."

ಈಗ ಬಕೆಟ್ಟು ಅಳಿಯನ ಪಾಲು. ನಾಮಕರಣದ ದಿನ ಪಕ್ಕದ ಮನೆಯಾಕೆ ಅದನ್ನು ನೋಡಿ, "ಏನ್ರೀ ಇದು, ಅಳಿಯನ ಕೈಲಿ ನೀರು ಹೊರಿಸ್ತೀರಾ?" ಎಂದು ಕಿಚಾಯಿಸಿದರು. ತಾಂಬೂಲ ಕೊಡುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಒಂದಕ್ಕೇ ಹೆದರಿ ಕೂತವರಿಗೆ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ ಕಣ್ರೀ ಎಂದೆ.

ಆಕೆಯ ನಗು ನಿಂತಿತು. ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಂದೂ ಒಂದು ರಿಪೋರ್ಟ್ ಬೀರುವಲ್ಲಿದೆ. ತಂದ್ರೆ ನಿಮ್ಮಳಿಯ ಪೂರ್ತಿ ಓದ್ತಾರಾ?"