ಕೈಯಾರೆ ಕೊಟ್ಟ ಲಗ್ನಪತ್ರಿಕೆ

ಮಾನ್ವಿಯ ಪೋಸ್ಟ್‌ಮನ್ ಹನುಮಂತ್ರಾಯನಿಗೆ ಜೀವಮಾನದಲ್ಲಿ ಬಂದ ಕಾಗದಗಳು ಮೂರು. ಒಂದು ಸರ್ಕಾರ ಬರೆದ ನೇಮಕದ ಆದೇಶ. ಇನ್ನೊಂದು ಅದೇ ಸರ್ಕಾರ ಬರೆದ ವರ್ಗಾವಣೆಯ ಆದೇಶ. ಮೂರನೆಯದು ದೊಡ್ಡಪ್ಪ ಎಂಬ ಹೆಸರಿನ ಗೆಳೆಯನದು. ಊರಿಗೆಲ್ಲ ಕಾಗದ ಹಂಚುವವನಿಗೆ ಕಾಗದ ಬರೆಯುವವರಿಲ್ಲ ಎಂದು ಅವನು ಕೊರಗಿದವನಲ್ಲ. ಮಿಠಾಯಿ ಅಂಗಡಿಯವನು ದಿನಾ ಮಿಠಾಯಿ ತಿನ್ನುತ್ತಾನೆಯೇ? ಆದರೂ ದೊಡ್ಡಪ್ಪನ ಕಾಗದವನ್ನು ಮಾತ್ರ ಟ್ರಂಕಿನಲ್ಲಿ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಜೊತೆ ಇಟ್ಟಿದ್ದ.

ದೊಡ್ಡಪ್ಪ ರಾಯಚೂರಿನ ಅಕ್ಕಿ ಗಿರಣಿಯವರ ಮಗ. ರಾಯಚೂರಿನಲ್ಲಿದ್ದರೆ ಸಿನಿಮಾ ನೋಡಿ ಕೆಡುತ್ತಾನೆಂದು ಅವನಪ್ಪ ಅವನನ್ನು ದೇವದುರ್ಗದ ಸೋದರತ್ತೆಯ ಮನೆಯಲ್ಲಿ ಓದಲು ಬಿಟ್ಟಿದ್ದರು. ದೇವದುರ್ಗದಲ್ಲೂ ಟೂರಿಂಗ್ ಟಾಕೀಸ್ ಇದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಹನುಮಂತ್ರಾಯ ಮಸರಕಲ್ಲಿನ ಕುರಿ ಕಾಯುವವರ ಮನೆಯವನು. ಹೈಸ್ಕೂಲಿನಲ್ಲಿ ಮೂರು ವರ್ಷ ಇಬ್ಬರದೂ ಒಂದೇ ಬೆಂಚು. ಇವನ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅವನಿಗೆ. ಅವನ ಡಬ್ಬಿಯ ಅನ್ನ ಇವನಿಗೆ. ಪರೀಕ್ಷೆಯಲ್ಲಿ ಹನುಮಂತ್ರಾಯ ಲೆಕ್ಕದ ಉತ್ತರದ ಹಾಳೆಯನ್ನು ದೊಡ್ಡಪ್ಪನಿಗೆ ಕಾಣುವಂತೆ ಸ್ವಲ್ಪ ಓರೆಯಾಗಿ ಹಿಡಿದು ಬರೆಯುತ್ತಿದ್ದ. ಹಾಗೆ ಬರೆದೂ ಬರೆದೂ ಅವನ ಕತ್ತು ಇಂದಿಗೂ ಸ್ವಲ್ಪ ಎಡಕ್ಕೇ ವಾಲಿದೆ ಎಂದು ಹೆಂಡತಿ ಜಂಬಮ್ಮ ಹೇಳುತ್ತಾಳೆ.

ಎಪ್ಪತ್ತನೇ ಇಸವಿಯಲ್ಲಿ ಇಬ್ಬರೂ ಪಾಸಾದರು. ದೊಡ್ಡಪ್ಪ ರಾಯಚೂರಿಗೆ ಹೋದ. ಹನುಮಂತ್ರಾಯ ನಾಲ್ಕು ಕಾಗದ ಬರೆದ, ಒಂದಕ್ಕೆ ಉತ್ತರ ಬಂತು: ಗಿರಣಿಯಲ್ಲಿ ಪುರುಸೊತ್ತಿಲ್ಲ, ಮರೆಯಬೇಡ. ಆಮೇಲೆ ಅವನೂ ಬರೆಯಲಿಲ್ಲ, ಇವನೂ ಬರೆಯಲಿಲ್ಲ. ಜಗಳವಾಗಿದ್ದರೆ ಯಾರಾದರೂ ರಾಜಿ ಮಾಡಿಸಬಹುದಿತ್ತು. ಜಗಳವೇ ಆಗಿರಲಿಲ್ಲ.

ಹದಿನಾಲ್ಕು ವರ್ಷದ ಮೇಲೆ, ಎಂಬತ್ನಾಲ್ಕರ ಬೇಸಿಗೆಯ ಒಂದು ಬೆಳಿಗ್ಗೆ, ಟಪಾಲಿನ ಚೀಲದಿಂದ ಅರಿಷಿಣ ಹಚ್ಚಿದ ಒಂಬತ್ತು ಲಗ್ನಪತ್ರಿಕೆ ಬಿದ್ದವು. ವಿಳಾಸದ ಡೊಂಕು ಅಕ್ಷರ ನೋಡಿದ ಕೂಡಲೇ ಬರೆದವನ ಗುರುತು ಸಿಕ್ಕಿತು. ದೊಡ್ಡಪ್ಪನ ತಂಗಿಯ ಮದುವೆ, ರಾಯಚೂರಿನಲ್ಲಿ. ಹನುಮಂತ್ರಾಯ ಒಂಬತ್ತನ್ನೂ ತಿರುವಿ ನೋಡಿದ. ಅಂಗಡಿಯವರಿಗಿತ್ತು, ದಲಾಲರಿಗಿತ್ತು, ಒಮ್ಮೆ ಎರಡು ಚೀಲ ಭತ್ತ ಮಾರಿದವನಿಗೂ ಇತ್ತು. ಹನುಮಂತ್ರಾಯನಿಗಿರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಸ್ವಲ್ಪ ಧೂಳು ಬಿತ್ತು. ಒಂಬತ್ತನ್ನೂ ಹಂಚಿ ಮನೆಗೆ ಬಂದ.

"ಬೇಕಾದೋರಿಗೆ ಯಾರೂ ಪತ್ರಿಕಿ ಅಂಚಿಗೆ ಹಾಕಂಗಿಲ್ಲ," ಎಂದು ಜಂಬಮ್ಮನಿಗೆ ವಿವರಿಸಿದ. "ಮನಿಗೆ ಬಂದು ಎಲಿ ಅಡಕಿ ಕೊಟ್ಟು ಕರೀತಾರ. ಅಂವಾ ಬರ್ತಾನ ನೋಡು."

"ಬರ್ಲಿ ಬಿಡ್ರಿ. ಮನಿ ಗೊತ್ತದೇನು ಅವ್ರಿಗೆ?"

"ಕೇಳಿಕೆಂತ ಬರ್ತಾನ."

ಆ ಭಾನುವಾರ ಹನುಮಂತ್ರಾಯ ಮನೆಯ ಮುಂದಿನ ಗೋಡೆಗೆ ಸುಣ್ಣ ಹೊಡೆದ. ಒಂದೇ ಗೋಡೆಗೆ ಹೊಡೆದರೆ ಉಳಿದ ಮೂರು ಹೊಲಸು ಕಾಣುತ್ತವೆ ಎಂದು ಜಂಬಮ್ಮ ಹೇಳಿದಳು. ದೊಡ್ಡಪ್ಪ ಬರುವುದು ಮುಂದಿನಿಂದ ಎಂದು ಅವನು ಹೇಳಿದ. ಚಹಾಪುಡಿ, ಸಕ್ಕರೆ, ಒಂದು ಡಬ್ಬಿ ಬಿಸ್ಕೀಟು ತಂದಿಟ್ಟ. ಎಂಟು ದಿನ ಕಳೆದವು. ಬಿಸ್ಕೀಟಿಗೆ ಇರುವೆ ಬಂದವು.

ಒಂಬತ್ತನೆಯ ದಿನ ಬಜಾರಿನಲ್ಲಿ ಜೀಪೊಂದು ಬಂದು ಅವನ ಪಕ್ಕದಲ್ಲೇ ನಿಂತಿತು. "ರೀ ಪೋಸ್ಟ್‌ಮನ್, ಗಡಿಗೆಪ್ಪ ಸಾಹುಕಾರ್ರ ಮನಿ ಯಾವ ಕಡಿ ಬರ್ತದ್ರಿ?"

ಕೇಳಿದವನು ದೊಡ್ಡಪ್ಪ. ಹೊಟ್ಟೆ ಬಂದಿತ್ತು, ಕಪ್ಪು ಕನ್ನಡಕ ಬಂದಿತ್ತು, ದನಿ ಅದೇ ಇತ್ತು. ಹನುಮಂತ್ರಾಯ ಅವನ ಮುಖವನ್ನೇ ನೋಡುತ್ತ ನಿಂತ. ದೊಡ್ಡಪ್ಪ ಇವನ ಮುಖ ನೋಡಿದ, ಖಾಕಿ ಟೋಪಿ ನೋಡಿದ, ಚೀಲ ನೋಡಿದ, ಉತ್ತರಕ್ಕೆ ಕಾದ.

"ಕೂಡ್ತೀನ್ರಿ, ತೋರಿಸ್ತೀನಿ," ಎಂದು ಹನುಮಂತ್ರಾಯ ಹಿಂದಿನ ಸೀಟಿನಲ್ಲಿ ಕೂತ. ಅಲ್ಲಿ ಎಲೆ ಅಡಿಕೆಯ ಬುಟ್ಟಿ, ಅದರೊಳಗೆ ಲಗ್ನಪತ್ರಿಕೆ. ಜಾಗ ಸಾಲದೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ.

ದೊಡ್ಡಪ್ಪ ಮಾತಿಗೆಂದು ಕೇಳಿದ. "ನಿಮ್ದು ಇದ ಊರೇನ್ರಿ?"

"ಮಸರಕಲ್ರಿ."

ದೊಡ್ಡಪ್ಪ ಹಿಂದಕ್ಕೆ ತಿರುಗಿ ಕೂತ. "ಮಸರಕಲ್ಲಿನಾಂವ ಒಬ್ಬ ನಮ್ ಕ್ಲಾಸಿನ್ಯಾಗ ಇದ್ದ, ಹನುಮಂತ್ರಾಯ ಅಂತ. ಅಂವನ ಲೆಕ್ಕ ನೋಡಿ ಬರದು ನಾ ಪಾಸಾದೆ. ಇಂವ ದೊಡ್ಡ ಆಫೀಸರ್ ಆಗ್ತಾನಂತ ಮಾಸ್ತರು ಬರದು ಕೊಟ್ಟಂಗ ಹೇಳ್ತಿದ್ರು. ನಿಮಗೇನರ ಗೊತ್ತದಾನೇನು?"

"ಗೊತ್ತದಾನ್ರಿ."

"ಎಲ್ಲಿದಾನ ಈಗ?"

"ಪೋಸ್ಟಲ್ ಡಿಪಾರ್ಟ್‌ಮೆಂಟಿನ್ಯಾಗ ಅದಾನ್ರಿ," ಎಂದ ಹನುಮಂತ್ರಾಯ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದೊಡ್ಡಪ್ಪ ಡ್ರೈವರನ ಹೆಗಲಿಗೆ ಬಡಿದ. "ಕೇಳಿದೇನು? ಸೆಂಟ್ರಲ್ ಗೌರ್ಮೆಂಟ್. ನಂಗ ಅವಾಗೇ ಗೊತ್ತಿತ್ತು." ಮತ್ತೆ ಇತ್ತ ತಿರುಗಿದ. "ಮನಿ ಗೊತ್ತಿದ್ರ ನಾನ ಹೋಗಿ ಕರೀತಿದ್ದೆ. ಅಂಥ ಮನಷ್ಯಾಗ ಅಂಚಿಗೆ ಹಾಕಿ ಕರಿಯೂದು ಸರಿ ಅಲ್ಲ ನೋಡ್ರಿ."

ಟೋಪಿ ತೆಗೆದು "ನಾನಲೇ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹನುಮಂತ್ರಾಯ ಕೈಯನ್ನು ಟೋಪಿಯ ತನಕ ಒಯ್ದ. ದೊಡ್ಡಪ್ಪನ ಮುಖದಲ್ಲಿ ಸಂತೋಷ ತುಂಬಿತ್ತು. ತನ್ನ ಸಲುವಾಗಿ ಯಾರೂ ಅಷ್ಟು ಸಂತೋಷ ಪಟ್ಟಿದ್ದನ್ನು ಹನುಮಂತ್ರಾಯ ಕಂಡಿರಲಿಲ್ಲ, ನೌಕರಿ ಸಿಕ್ಕ ದಿನ ಹಡೆದ ಅಪ್ಪನ ಮುಖದಲ್ಲೂ ಕಂಡಿರಲಿಲ್ಲ. ಅದರ ಮೇಲೆ ನೀರು ಸುರಿಯಲು ಮನಸ್ಸು ಬರಲಿಲ್ಲ. ಖರೆ ಹೇಳಬೇಕೆಂದರೆ, ಸಾಹುಕಾರರ ಮನೆ ಬರುವ ತನಕ ಆ ಆಫೀಸರ್ ಆಗಿರಲು ಅವನಿಗೂ ಆಸೆಯಿತ್ತು. ಟೋಪಿ ಸರಿಮಾಡಿಕೊಂಡು ಕೈ ಇಳಿಸಿದ. ಅಷ್ಟರಲ್ಲಿ ಮನೆ ಬಂತು.

ದೊಡ್ಡಪ್ಪ ಪೆನ್ನು ತೆಗೆದು ಒಂದು ಪತ್ರಿಕೆಯ ಲಕೋಟೆಯ ಮೇಲೆ ಬರೆದ: ಶ್ರೀ ಹನುಮಂತ್ರಾಯ, ಆಫೀಸರು, ಪೋಸ್ಟಲ್ ಡಿಪಾರ್ಟ್‌ಮೆಂಟ್. ಎರಡು ಎಲೆ, ಒಂದು ಅಡಿಕೆ ಸೇರಿಸಿ ಅವನ ಕೈಗಿಟ್ಟ. "ಆತಗ ಮುಟ್ಟಸ್ರಿ. ದೊಡ್ಡಪ್ಪ ಕೈಯಾರ ಕೊಟ್ಟಾನಂತ ಹೇಳ್ರಿ. ನೀವೂ ಬರ್ರಿ ಮತ್ತ, ಊಟ ಮಾಡ್ಕೊಂಡು ಹೋಗೀರಂತ."

"ಮುಟ್ಟಸ್ತೀನ್ರಿ," ಎಂದ ಹನುಮಂತ್ರಾಯ.

ಜಂಬಮ್ಮ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಲಕೋಟೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಈ ಆಫೀಸರು ಅಂದ್ರ ಯಾರ್ರಿ?"

"ನಾನ."

"ಯಾವಾಗಿಂದ?"

"ಇವತ್ತು ಹನ್ನೊಂದು ಗಂಟಿಯಿಂದ."

ನಡೆದದ್ದನ್ನೆಲ್ಲ ಕೇಳಿ ಜಂಬಮ್ಮ ತಾಟಿಗೆ ರೊಟ್ಟಿ ಹಾಕಿದಳು. "ನಾನ ಅಂತ ಹೇಳಾಕ ಏನಾಗಿತ್ತು? ನೀವೇನು ಕಳವು ಮಾಡೀರೇನು?"

"ಅಂವಾ ಕರ್ಯಾಕ ಬಂದಿದ್ದು ನನ್ನನ್ನಲ್ಲ."

"ಮತ್ತ ಅದು ಯಾರ ಹೆಸರು?"

ಹನುಮಂತ್ರಾಯ ರೊಟ್ಟಿ ಮುರಿದ. ತಾಟಿನ ಮುಂದೆ ಕೂತಲ್ಲೇ ಕಣ್ಣಲ್ಲಿ ನೀರು ಬಂತು. ಜಂಬಮ್ಮ ನೋಡದವಳಂತೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಹನುಮಂತ್ರಾಯ ಲಕೋಟೆಯನ್ನು ಆಫೀಸಿಗೆ ಒಯ್ದ. ವಿಳಾಸದಾರ ಸಿಗದಿದ್ದರೆ ಪೋಸ್ಟ್‌ಮನ್ ಕಾರಣ ಬರೆದು, ಸಹಿ ಮಾಡಿ, ಕಳಿಸಿದವರಿಗೆ ವಾಪಸ್ ಹಾಕಬೇಕು. ಹನ್ನೊಂದು ವರ್ಷದಲ್ಲಿ ನೂರಾರು ಕಾಗದಕ್ಕೆ ಹಾಗೆ ಬರೆದಿದ್ದ. ಇದು ಟಪಾಲಿನಲ್ಲಿ ಬಂದ ಕಾಗದವಲ್ಲವಾದ್ದರಿಂದ ತನ್ನ ದುಡ್ಡಿನಲ್ಲೇ ಸ್ಟಾಂಪು ಹಚ್ಚಿದ. ದೊಡ್ಡಪ್ಪನ ವಿಳಾಸವನ್ನು ದುಂಡಗೆ ಬರೆದ. ಆಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತ. ದೊಡ್ಡಪ್ಪನ ತಲೆಯಲ್ಲಿ ಹದಿನಾಲ್ಕು ವರ್ಷ ಸುಖವಾಗಿ ಆಫೀಸರಿಕೆ ಮಾಡಿಕೊಂಡಿದ್ದವನನ್ನು ಇವತ್ತು ತಾನೇ ಕೆಲಸದಿಂದ ತೆಗೆಯಬೇಕಿತ್ತು. ತೆಗೆದ ಮೇಲೆ ಉಳಿಯುವವನು ದೊಡ್ಡಪ್ಪನಿಗೆ ಬೇಕಾಗುತ್ತಾನೋ ಇಲ್ಲವೋ ಎಂಬುದೊಂದೇ ಅವನ ಹೆದರಿಕೆ.

ಹಸ್ತಾಕ್ಷರ ಕೆಡದಂತೆ ಬರೆದ: "ಈ ಹೆಸರಿನ ಆಫೀಸರು ಈ ಊರಿನಲ್ಲಿಲ್ಲ. ಈ ಹೆಸರಿನ ಪೋಸ್ಟ್‌ಮನ್ ಇದ್ದಾನೆ. ನಿನ್ನೆ ನಿನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ." ಕೆಳಗೆ ಸಹಿ ಮಾಡಿ, ತಾರೀಖು ಹಾಕಿದ.

ಮುದ್ರೆ ಒತ್ತುವ ಮೆಹಬೂಬ್ ಪಾಷಾ ಅದನ್ನು ಎರಡು ಸಲ ಓದಿದ. "ಹಿಂಗ ಬರಿಯಾಕ ರೂಲ್ಸ್‌ನ್ಯಾಗ ಅದಾ ಏನು?"

"ಇಲ್ಲ. ನೀ ಹೊಡಿ."

ಪಾಷಾ ಮುದ್ರೆ ಹೊಡೆದು ಲಕೋಟೆಯನ್ನು ರಾಯಚೂರಿನ ಟಪಾಲಿನ ಕಟ್ಟಿನಲ್ಲಿ ಸೇರಿಸಿದ. ಲಗ್ನಕ್ಕೆ ಇನ್ನೂ ಆರು ದಿನವಿತ್ತು. ಮಾನ್ವಿಯಿಂದ ರಾಯಚೂರಿಗೆ ಕಾಗದ ಮುಟ್ಟಲು ಒಂದು ದಿನ ಸಾಕು, ಅಲ್ಲಿಂದ ಮಾನ್ವಿಗೂ ಅಷ್ಟೇ.